"ನಾಳೆ ಅಪ್ಪ ಅಮ್ಮನನ್ನು ಕರೆದುಕೊಂಡು ಬಾ" ಎನ್ನಲಾಗದ ಮಕ್ಕಳು: ಶಾಲಾ ಶಿಸ್ತಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಶಾಲೆಗಳಲ್ಲಿ ಶಿಸ್ತಿನ ಹೆಸರಲ್ಲಿ ನಡೆಯುವ ಹೆಚ್ಚಿನ ಕ್ರಮಗಳು ಮಗುವಿನ ಹಿಂದೆ ಒಂದು ಮನೆಯಿದೆ ಎಂದು ನಂಬಿಕೊಂಡೇ ಹೊರಡುತ್ತವೆ. ನಾಳೆ ಅಪ್ಪನನ್ನು ಕರೆದುಕೊಂಡು ಬಾ, ಡೈರಿಗೆ ಸಹಿ ಹಾಕಿಸಿಕೊಂಡು ಬಾ, ಯೂನಿಫಾರ್ಮ್ ಒಗೆಸಿಕೊಂಡು ಬಾ, ಮನೆಯಲ್ಲಿ ಕೂತು ನೂರು ಸಲ ಬರೆದುಕೊಂಡು ಬಾ. ಬಾಲಮಂದಿರದಿಂದ ಬರುವ, ಪೋಷಕ (ಫಾಸ್ಟರ್) ಕುಟುಂಬವೊಂದರಲ್ಲಿ ಬೆಳೆಯುತ್ತಿರುವ, ಕಟ್ಟಡ ಕೆಲಸದ ಶೆಡ್ಡಿನಲ್ಲಿ ಮಲಗೆದ್ದು ಬರುವ ಮಗುವಿಗೆ ಇದೆಲ್ಲ ಇಲ್ಲದ್ದನ್ನು ತಂದುಕೊಡು ಎಂದು ಕೇಳಿದಂತೆಯೇ ಸರಿ. ತರಲಾಗದ ಮಗು ಮರುದಿನ ಶಾಲೆಗೇ ಬರುವುದಿಲ್ಲ.

ಹಾಗಾಗಿ ಒಂದೇ ನಿಯಮವನ್ನು ಮುಂದಿಟ್ಟುಕೊಳ್ಳಿ: ಈ ಮಕ್ಕಳ ತಪ್ಪನ್ನು ಶಾಲೆಯೊಳಗೇ, ಶಾಲೆಯ ಹೊತ್ತಿನಲ್ಲೇ, ಶಾಲೆಯ ಕೈಯಲ್ಲಿರುವುದರಿಂದಲೇ ಸರಿಪಡಿಸಬೇಕು. ಮುಖ್ಯಶಿಕ್ಷಕರು, ತರಗತಿ ಶಿಕ್ಷಕರು, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಬಾಲಮಂದಿರದ ಸಿಬ್ಬಂದಿ ಮತ್ತು ಪೋಷಕ ಕುಟುಂಬದವರು ಅದನ್ನು ಹೇಗೆ ಮಾಡಬಹುದು ಎಂಬುದು ಇಲ್ಲಿದೆ.

ಹಂತ 1: ಮಗು ಯಾರ ಸುಪರ್ದಿಯಲ್ಲಿದೆ ಎಂದು ಮೊದಲೇ ತಿಳಿದಿಟ್ಟುಕೊಳ್ಳಿ

ಜಗಳವಾದ ದಿನ ಯಾರಿಗೆ ಫೋನ್ ಮಾಡಬೇಕು ಎಂದು ಹುಡುಕಲು ಹೊರಟರೆ ಕೆಲಸ ಕೆಡುತ್ತದೆ. ಜೂನ್ ತಿಂಗಳಲ್ಲೇ ಇದನ್ನು ಮುಗಿಸಿ.

ಬಾಲಮಂದಿರದ ಅಥವಾ ಸಂಸ್ಥೆಯೊಂದರ ಮಗುವಾದರೆ ಮಕ್ಕಳ ಕಲ್ಯಾಣ ಸಮಿತಿಯ (ಇಂಥ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲೆಯ ಸಮಿತಿ) ಆದೇಶದ ಮೇಲೆ ಅಲ್ಲಿದೆ. ಕಾಗದದಲ್ಲಿ ಹೊಣೆ ಅಧೀಕ್ಷಕರದ್ದು. ಮಗು ರಾತ್ರಿ ನಿದ್ದೆ ಮಾಡಿತೋ ಇಲ್ಲವೋ ಎಂದು ಬಲ್ಲವರು ಮಾತ್ರ ಗೃಹಮಾತೆ. ಇಬ್ಬರ ನಂಬರೂ ಬೇಕು.

ಪೋಷಕ ಕುಟುಂಬದ ಮಗುವಾದರೆ, ಬಾಲ ನ್ಯಾಯ ಕಾಯ್ದೆ 2015ರ 44ನೇ ಸೆಕ್ಷನ್ ಪ್ರಕಾರ ಸಮಿತಿಯೇ ಅದನ್ನು ಆ ಕುಟುಂಬಕ್ಕೆ ಒಪ್ಪಿಸಿರುತ್ತದೆ. ಇದು ದತ್ತು ಅಲ್ಲ. ಹೆತ್ತವರು ಬದುಕಿರಬಹುದು, ಮಗು ಅವರನ್ನು ಆಗಾಗ ನೋಡುತ್ತಿರಬಹುದು. ಸಮಿತಿ ತಿಂಗಳಿಗೊಮ್ಮೆ ಪೋಷಕ ಕುಟುಂಬವನ್ನು ನೋಡಿ ಬರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಶಾಲೆಯ ಕಡೆಯಿಂದ ಹೇಳುವುದೇನಾದರೂ ಇದ್ದರೆ ಆ ಭೇಟಿಗೆ ಮುಂಚೆ ಸಮಿತಿಗೆ ತಲುಪಿಸಿ.

ಅಜ್ಜಿಯ ಬಳಿಯೋ ಸೋದರಮಾವನ ಬಳಿಯೋ ಯಾವ ಕಾಗದವೂ ಇಲ್ಲದೆ ಬೆಳೆಯುವ ಮಕ್ಕಳೂ ಇದ್ದಾರೆ. ಅಜ್ಜಿಯ ಹೆಬ್ಬೆಟ್ಟನ್ನು ಪಾಲಕರ ಸಹಿಯೆಂದೇ ತೆಗೆದುಕೊಳ್ಳಿ.

ಶೆಡ್ಡು, ಟೆಂಟು, ಮಾರುಕಟ್ಟೆ, ಮೇಲ್ಸೇತುವೆಯ ಕೆಳಗೆ ಅಪ್ಪ ಅಮ್ಮನ ಜೊತೆಯಲ್ಲೇ ಇರುವ ಮಕ್ಕಳದ್ದು ಬೇರೆ ಲೆಕ್ಕ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಬಂದ ಕುಟುಂಬಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಇಳಿದಿರುತ್ತಾರೆ. ಅವರನ್ನು ಹನ್ನೊಂದು ಗಂಟೆಗೆ ಶಾಲೆಗೆ ಕರೆಸಿದರೆ ಒಂದು ದಿನದ ಕೂಲಿ ಹೋಗುತ್ತದೆ, ಆ ಸಿಟ್ಟು ರಾತ್ರಿ ಮಗುವಿನ ಬೆನ್ನ ಮೇಲೆ ಇಳಿಯುತ್ತದೆ. ಇಂಥ ಕುಟುಂಬ ಕಂಡ ಕೂಡಲೇ ಮಗುವನ್ನು ಸಂಸ್ಥೆಗೆ ಸೇರಿಸಲು ಓಡುವುದೂ ತಪ್ಪು. ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿ ಎಂಬುದು ಬಾಲ ನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೇ ಒಂದು. ಕಷ್ಟದಲ್ಲಿರುವ ಕುಟುಂಬಕ್ಕೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ (ಧನಸಹಾಯ) ಕೊಡಿಸಲು ಅವಕಾಶವಿದೆ. ಅರ್ಹತೆ ವಿಚಾರಿಸಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ.

ಜೊತೆಗೆ ಯಾರೂ ಇಲ್ಲದೆ ಒಂಟಿಯಾಗಿ ಬೀದಿಯಲ್ಲಿರುವ ಮಗುವಿನ ವಿಷಯದಲ್ಲಿ ಮಾತ್ರ ತಡ ಮಾಡುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು.

ಈ ಮಾಹಿತಿಯನ್ನೆಲ್ಲ ಮಗುವಿಗೊಂದು ಹಾಳೆಯಂತೆ ಬರೆದಿಡಿ: ಸುಪರ್ದಿ ಯಾರದ್ದು, ಹಗಲಿನ ನಂಬರ್, ರಾತ್ರಿಯ ನಂಬರ್, ಸಹಿ ಯಾರು ಹಾಕಬಹುದು, ಯಾರ ಜೊತೆ ಮಗುವನ್ನು ಕಳಿಸಲೇಬಾರದು, ಔಷಧಿ ಏನಾದರೂ ಇದೆಯೇ. ಹಾಳೆ ಮುಖ್ಯಶಿಕ್ಷಕರ ಬೀರುವಿನಲ್ಲಿರಲಿ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ "ಬಾಲಮಂದಿರ" ಎಂದು ಕೆಂಪು ಶಾಯಿಯಲ್ಲಿ ಬರೆಯುವ ಅಭ್ಯಾಸ ಕೆಲವು ಕಡೆ ಇದೆ. ಅದನ್ನು ಇಂದೇ ನಿಲ್ಲಿಸಿ. ತರಗತಿಯಲ್ಲಿ "ಬಾಲಮಂದಿರದವರು ಎದ್ದು ನಿಲ್ಲಿ" ಎನ್ನುವುದೂ ಬೇಡ.

ಹಂತ 2: ಕಾನೂನಿನ ಗೆರೆ ಎಲ್ಲಿದೆ ಎಂದು ತಿಳಿಯಿರಿ

ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯಿಂದ ಐದು ಮತ್ತು ಎಂಟನೇ ತರಗತಿಗಳಲ್ಲಿ ಪರೀಕ್ಷೆ ನಡೆಸಲು, ಫೇಲಾದವರನ್ನು ಅಲ್ಲೇ ಉಳಿಸಿಕೊಳ್ಳಲು ಅವಕಾಶ ಬಂದಿತೇ ಹೊರತು, ಹೊರಹಾಕಬಾರದು ಎಂಬ ಮಾತು ಹಾಗೇ ಉಳಿದಿದೆ. "ಟಿಸಿ ಕೊಟ್ಟು ಕಳಿಸ್ತೀನಿ" ಎಂಬ ಬೆದರಿಕೆ, ಅಧೀಕ್ಷಕರಿಂದ "ಸ್ವಇಚ್ಛೆಯಿಂದ ಟಿಸಿ ಕೇಳುತ್ತಿದ್ದೇವೆ" ಎಂದು ಬರೆಸಿಕೊಳ್ಳುವುದು, ಹದಿನೈದು ದಿನ ಬರಲಿಲ್ಲವೆಂದು ಹೆಸರು ಹೊಡೆದು ಹಾಕುವುದು, ಇವೆಲ್ಲ ಹೊರಹಾಕುವುದರ ಬೇರೆ ಬೇರೆ ವೇಷಗಳು.

17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬೆತ್ತ, ಬಸ್ಕಿ, ಮಂಡಿಯೂರಿಸುವುದು ದೈಹಿಕ ಶಿಕ್ಷೆ ಎಂದು ಈಗ ಎಲ್ಲರಿಗೂ ಗೊತ್ತು. ಮಗುವಿನ ಹಿನ್ನೆಲೆಯನ್ನೋ ಜಾತಿಯನ್ನೋ ಹೆತ್ತವರ ಕಸುಬನ್ನೋ ಎತ್ತಿ ಹಂಗಿಸುವುದು ಮಾನಸಿಕ ಕಿರುಕುಳ ಎಂಬುದು ಅಷ್ಟಾಗಿ ಮನಸ್ಸಿಗೆ ಇಳಿದಿಲ್ಲ. "ಹೇಳೋರು ಕೇಳೋರು ಇಲ್ಲದೆ ಬೆಳೆದ್ರೆ ಹೀಗೇ" ಎಂಬ ಒಂದು ಮಾತು ಸಾಕು, ಆ ಗೆರೆ ದಾಟಿದಂತೆ. ಶೌಚಾಲಯ ತೊಳೆಸುವುದಂತೂ ಯಾವ ಕಾರಣಕ್ಕೂ ಕೂಡದು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ್ದು ಬಯಲಾದಾಗ ಸಿಬ್ಬಂದಿಯ ಬಂಧನವಾಯಿತು.

ಒಂಬತ್ತು, ಹತ್ತನೇ ತರಗತಿಗೆ ಬಂದಾಗ ಶಿಕ್ಷಣ ಹಕ್ಕು ಕಾಯ್ದೆಯ ಕೊಡೆ ಮುಗಿಯುತ್ತದೆ. ಹೆಚ್ಚಿನ ಅನಾಹುತ ಆಗುವುದು ಇಲ್ಲೇ. ಬಾಲ ನ್ಯಾಯ ಕಾಯ್ದೆ ಮಾತ್ರ 18 ವರ್ಷದ ತನಕ ಜೊತೆಗಿರುತ್ತದೆ. ಅದರ 75ನೇ ಸೆಕ್ಷನ್ ಪ್ರಕಾರ ಮಗುವಿನ ಹೊಣೆ ಹೊತ್ತವರು ಹಲ್ಲೆ, ನಿಂದನೆ, ನಿರ್ಲಕ್ಷ್ಯದಿಂದ ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ನೋವು ಕೊಟ್ಟರೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹತ್ತನೇ ತರಗತಿಯ ಹುಡುಗನನ್ನು ವರ್ಷದ ನಡುವೆ ಹೊರಗೆ ಕಳಿಸಿದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯೇ ಕೈತಪ್ಪಬಹುದು. ಅಂಥ ಮಾತು ಎದ್ದರೆ ಮೊದಲು ಮಕ್ಕಳ ಕಲ್ಯಾಣ ಸಮಿತಿಗೆ ಲಿಖಿತವಾಗಿ ತಿಳಿಸಿ, ಅವರ ಉತ್ತರ ಬರುವ ತನಕ ಹುಡುಗ ತರಗತಿಯಲ್ಲೇ ಇರಲಿ.

ಹಂತ 3: ಘಟನೆಯಾದ ಹೊತ್ತಿನಲ್ಲಿ

ಡೆಸ್ಕ್ ತಳ್ಳಿ ಎದ್ದ ಮಗುವಿನ ಎದುರು ನಿಂತು "ನಾನು ಹೇಳ್ತಾ ಇರೋದು ಕೇಳಿಸ್ತಿದೆಯಾ?" ಎಂದು ಗದರಿದರೆ ಆಗ ಅದಕ್ಕೆ ನಿಜಕ್ಕೂ ಕೇಳಿಸುವುದಿಲ್ಲ. ಹೊಡೆತ, ಕೂಗಾಟದ ನಡುವೆ ಬೆಳೆದ ಮಗುವಿನ ಮೈ ಏರುದನಿ ಕೇಳಿದೊಡನೆ ಓಡಲು ಇಲ್ಲವೇ ಹೊಡೆಯಲು ಸಜ್ಜಾಗುತ್ತದೆ. ಕಾರಣ ಕೇಳುವ ಹೊತ್ತು ಅದಲ್ಲ.

ಉಳಿದ ಮಕ್ಕಳಿಗೆ ಒಂದು ಕೆಲಸ ಕೊಡಿ. ನೀವು ಎರಡು ತೋಳಿನಷ್ಟು ದೂರ ನಿಂತು, ಬಾಗಿಲನ್ನು ಅಡ್ಡಗಟ್ಟದೆ, ತಗ್ಗಿದ ದನಿಯಲ್ಲಿ ಒಂದೇ ವಾಕ್ಯ ಹೇಳಿ: "ಬಾ ಪುಟ್ಟ, ನೀರು ಕುಡಿ, ಆಮೇಲೆ ಮಾತಾಡೋಣ." ಕೈ ಹಿಡಿದು ಎಳೆಯಬೇಡಿ. ಆಫೀಸಿನ ಪಕ್ಕವೋ ಗ್ರಂಥಾಲಯದ ಮೂಲೆಯೋ, ದೊಡ್ಡವರೊಬ್ಬರ ಕಣ್ಣಳತೆಯಲ್ಲಿ 20 ರಿಂದ 30 ನಿಮಿಷ ಕೂರಲಿ. ತರಗತಿಯ ಹೊರಗೆ ವರಾಂಡದಲ್ಲಿ ಒಂಟಿಯಾಗಿ ನಿಲ್ಲಿಸುವುದು ಮತ್ತು ಇದು ಒಂದೇ ಅಲ್ಲ. ಹೋಗಿ ಬರುವವರೆಲ್ಲ ನೋಡುವ ಜಾಗ ಅದು, ಗೇಟು ದಾಟಿ ಹೋಗಲು ಸುಲಭದ ದಾರಿಯೂ ಹೌದು.

ಮಧ್ಯಾಹ್ನದ ಹೊತ್ತಾದರೆ ಮೊದಲು ಊಟ. ಬಿಸಿಯೂಟ, ಹಾಲು, ಮೊಟ್ಟೆಯನ್ನು ಶಿಕ್ಷೆಯಾಗಿ ತಡೆಯುವ ಅಧಿಕಾರ ಯಾರಿಗೂ ಇಲ್ಲ.

ಹಂತ 4: ಐದು ಸಾಲಿನ ಟಿಪ್ಪಣಿ

ಅದೇ ದಿನ ಸಂಜೆಯೊಳಗೆ ಬರೆಯಿರಿ. ಯಾವಾಗ, ಎಲ್ಲಿ, ಕಣ್ಣಿಗೆ ಕಂಡದ್ದೇನು, ಅದಕ್ಕೆ ಹತ್ತು ನಿಮಿಷ ಮುಂಚೆ ಏನು ನಡೆದಿತ್ತು, ಮಗು ಹೇಳಿದ್ದೇನು, ಅದರದೇ ಮಾತಿನಲ್ಲಿ, ನೀವು ಮಾಡಿದ್ದೇನು. "ಉದ್ಧಟತನ", "ಒರಟು ಸ್ವಭಾವ" ಎಂಬ ಪದಗಳು ಟಿಪ್ಪಣಿಯಲ್ಲಿ ಇರಬಾರದು, ಏಕೆಂದರೆ ಓದಿದವರಿಗೆ ಅವು ಏನನ್ನೂ ತಿಳಿಸುವುದಿಲ್ಲ. ಮಾದರಿ ಹೀಗೆ:

"ಮಂಗಳವಾರ, ಮೂರನೇ ಪಿರಿಯಡ್, 6ನೇ ತರಗತಿ. ಪುಸ್ತಕ ಎಸೆದು ಹೊರಗೆ ಓಡಿದ. ಅದಕ್ಕೆ ಮುಂಚೆ ಜಾತಿ ಆದಾಯ ಪ್ರಮಾಣ ಪತ್ರ ತರದವರ ಹೆಸರು ಓದಿ, ಅಪ್ಪನ ಹೆಸರು ಹೇಳು ಎಂದು ಎಲ್ಲರೆದುರು ಕೇಳಲಾಗಿತ್ತು. 'ನಂಗೊತ್ತಿಲ್ಲ ಅಂದ್ರೆ ನಗ್ತಾರೆ' ಎಂದ. ಗ್ರಂಥಾಲಯದಲ್ಲಿ ಅರ್ಧ ಗಂಟೆ ಕೂರಿಸಿ, ನಾಲ್ಕನೇ ಪಿರಿಯಡ್‌ಗೆ ವಾಪಸ್ ಕಳಿಸಲಾಯಿತು."

ಮೂರನೆಯ ಸಾಲೇ ಈ ಟಿಪ್ಪಣಿಯ ಜೀವ. ಇಂಥ ಐದಾರು ಟಿಪ್ಪಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಹೆತ್ತವರು ಬಂದು ಹೋದ ಮರುದಿನ, ಸಮಿತಿಯ ಮುಂದೆ ಹಾಜರಾಗುವ ಹಿಂದಿನ ದಿನ, ದಸರಾ ರಜೆಗೆ ಎಲ್ಲರೂ ಊರಿಗೆ ಹೊರಡುವ ವಾರ, ಪೋಷಕರ ಸಭೆಯ ದಿನ, "ನನ್ನ ಕುಟುಂಬ" ಎಂದು ಪ್ರಬಂಧ ಬರೆಸಿದ ದಿನ. ಪ್ರಬಂಧಕ್ಕೆ "ನನಗೆ ಇಷ್ಟವಾದವರು" ಎಂಬ ಇನ್ನೊಂದು ವಿಷಯ ಕೊಟ್ಟರೆ ಒಂದು ಜಗಳ ತಪ್ಪುತ್ತದೆ. ಪ್ರಮಾಣ ಪತ್ರದ ವಿಚಾರವನ್ನು ಅಧೀಕ್ಷಕರಿಗೆ ಒಂದು ಪತ್ರ ಬರೆದು ಕೇಳಿದರೆ ಇನ್ನೊಂದು.

ಹಂತ 5: ಮಗುವಿನ ಮಾತು ಮೊದಲು, ಫೋನ್ ಆಮೇಲೆ

"ಯಾಕೆ ಮಾಡಿದೆ?" ಎಂದರೆ ಹೆಚ್ಚಿನ ಮಕ್ಕಳು ತಲೆ ತಗ್ಗಿಸುತ್ತಾರೆ. "ಮೊದಲು ಏನಾಯ್ತು, ಆಮೇಲೆ ಏನಾಯ್ತು?" ಎಂದು ಕೇಳಿ. ಮಾತಿನ ಧಾಟಿಯನ್ನೂ ಗಮನಿಸಿ. ಮನೆಯಲ್ಲಿ ಲಂಬಾಣಿ, ತೆಲುಗು ಅಥವಾ ಉರ್ದು ಆಡುವ ಮಗು ಬಹುವಚನ ಬಿಟ್ಟು ಮಾತಾಡಿದರೆ ಅದು ಸೊಕ್ಕಲ್ಲ, ಇನ್ನೂ ಕಲಿಯುತ್ತಿರುವ ಕನ್ನಡ.

ಗೃಹಮಾತೆಗೋ ಪೋಷಕ ತಾಯಿಗೋ ಫೋನ್ ಮಾಡುವಾಗ ಎರಡು ಅಪಾಯ ನೆನಪಿರಲಿ. ಒಂದು, ಶಾಲೆಯಲ್ಲಿ ಮುಗಿದ ತಪ್ಪಿಗೆ ಅಲ್ಲಿ ಎರಡನೇ ಶಿಕ್ಷೆ. ಸಂಸ್ಥೆಯ ಸಿಬ್ಬಂದಿ ಶಿಸ್ತಿನ ಹೆಸರಲ್ಲಿ ಹೊಡೆದರೆ ಬಾಲ ನ್ಯಾಯ ಕಾಯ್ದೆಯ 82ನೇ ಸೆಕ್ಷನ್‌ನಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡವಿದೆ. ಎರಡು, ಶಾಲೆಯಿಂದ ವಾರಕ್ಕೆ ಮೂರು ದೂರು ಹೋದರೆ ಪೋಷಕ ಕುಟುಂಬ ಸೋತು, "ನಮ್ಮ ಕೈಲಿ ಆಗಲ್ಲ, ವಾಪಸ್ ತಗೊಳ್ಳಿ" ಎಂದು ಸಮಿತಿಯ ಮುಂದೆ ನಿಲ್ಲುತ್ತದೆ. ಒಂದು ಡೆಸ್ಕ್ ಮುರಿದದ್ದಕ್ಕೆ ಮಗು ಇನ್ನೊಂದು ಮನೆಯನ್ನು ಕಳೆದುಕೊಳ್ಳುತ್ತದೆ. ಫೋನಿನಲ್ಲಿ ಹೀಗೆ ಹೇಳಿ: "ಅಮ್ಮಾ, ಇವತ್ತು ಹೀಗಾಯ್ತು, ಇಲ್ಲೇ ಸರಿ ಮಾಡಿದೀವಿ. ಮನೇಲಿ ಮತ್ತೆ ಬೈಯೋದು ಬೇಡ. ನಿನ್ನೆ ರಾತ್ರಿ ಸರಿಯಾಗಿ ಮಲಗಿದ್ನಾ?" ಒಳ್ಳೆಯ ಸುದ್ದಿಗೂ ಫೋನ್ ಮಾಡಿ. ಕೆಟ್ಟದ್ದು ಒಂದು ಹೋಗುವ ಮುಂಚೆ ಒಳ್ಳೆಯದು ಎರಡು ಹೋಗಿರಲಿ.

ಹಂತ 6: ಹಾಳಾದದ್ದನ್ನು ಸರಿಪಡಿಸುವ ಕೆಲಸ

ಕೆಲಸ ತಪ್ಪಿಗೆ ಸಂಬಂಧಿಸಿರಬೇಕು, ಶಾಲೆಯ ಸಮಯದಲ್ಲೇ ಮುಗಿಯಬೇಕು, ದುಡ್ಡು ಕೇಳಬಾರದು, ಮಗುವನ್ನು ಸಣ್ಣದು ಮಾಡಬಾರದು. ಪುಸ್ತಕ ಹರಿದರೆ ಗ್ರಂಥಾಲಯದಲ್ಲಿ ಶಿಕ್ಷಕರ ಜೊತೆ ಕೂತು ಐದು ಪುಸ್ತಕಕ್ಕೆ ಬೈಂಡ್ ಹಾಕಲಿ. ಗೆಳೆಯನಿಗೆ ಹೊಡೆದರೆ, ಇಬ್ಬರೂ ಶಾಂತರಾದ ಮೇಲೆ ದೊಡ್ಡವರೊಬ್ಬರ ಎದುರು ಕೂರಿಸಿ, ಪೆಟ್ಟು ತಿಂದವನಿಗೆ ಏನು ಬೇಕು ಎಂದು ಮೊದಲು ಅವನನ್ನೇ ಕೇಳಿ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೆದುರು ಕ್ಷಮೆ ಕೇಳಿಸುವುದು ಬೇಡ. ಅದು ಮರುದಿನದ ಗೈರುಹಾಜರಿಗೆ ಕೊಟ್ಟ ಆಹ್ವಾನ.

ಹೋಮ್‌ವರ್ಕ್ ಮಾಡಿಲ್ಲವೇ? ಶೆಡ್ಡಿನಲ್ಲಿ ಬೆಳಕಿಲ್ಲ, ಬಾಲಮಂದಿರದಲ್ಲಿ ಒಂದು ಕೋಣೆಯಲ್ಲಿ ಇಪ್ಪತ್ತು ಮಕ್ಕಳು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚಿನ 20 ನಿಮಿಷ ತರಗತಿಯ ಬೀಗ ತೆಗೆದಿಡಿ, ಅಲ್ಲಿಯೇ ಬರೆಯಲಿ. ಯೂನಿಫಾರ್ಮ್ ಕೊಳೆಯಾಗಿದ್ದರೆ ನೀರಿನ ಟ್ಯಾಂಕರ್ ಬಂದಿಲ್ಲವೆಂದು ತಿಳಿಯಿರಿ. ಆಫೀಸಿನಲ್ಲಿ ಎರಡು ಅಳತೆಯ ಹಳೆಯ ಯೂನಿಫಾರ್ಮ್ ಒಗೆದು ಇಟ್ಟಿದ್ದರೆ ಆ ಮಾತು ತರಗತಿಯ ತನಕ ಹೋಗುವುದೇ ಇಲ್ಲ.

ಏಳನೇ ದಿನ ಮತ್ತು ಹದಿನೈದನೇ ದಿನ ಮಗುವಿನ ಜೊತೆ ಐದೈದು ನಿಮಿಷ ಮಾತಾಡಿ ಟಿಪ್ಪಣಿಯ ಕೆಳಗೆ ಒಂದು ಸಾಲು ಬರೆದು ಮುಗಿಸಿ. ಈ ಮಾತು ಯಾವಾಗಲೂ ಒಬ್ಬರೇ ಆಡಬೇಕು. ಅಮೆರಿಕದ ಮೆಕಿನ್ನಿ-ವೆಂಟೋ ಕಾಯ್ದೆ ಮನೆಯಿಲ್ಲದ ಮಕ್ಕಳಿಗಾಗಿ ಪ್ರತಿ ಶಾಲಾ ಜಿಲ್ಲೆಯಲ್ಲೂ ಒಬ್ಬ ಸಂಪರ್ಕಾಧಿಕಾರಿ ಇರಲೇಬೇಕು ಎನ್ನುತ್ತದೆ. ನಮ್ಮಲ್ಲಿ ಅಂಥ ಹುದ್ದೆ ಇಲ್ಲದಿದ್ದರೂ, ಶಾಲೆಯಲ್ಲಿ ಒಬ್ಬ ಶಿಕ್ಷಕಿಯನ್ನೋ ಶಿಕ್ಷಕರನ್ನೋ ಗೊತ್ತುಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮಗುವಿಗೆ ಯಾರ ಮೇಲೆ ಸಲಿಗೆ ಇದೆಯೋ ಅವರೇ ಇರಲಿ.

ಪದೇ ಪದೇ ಎದುರಾಗುವ ಮೂರು ಸಂಗತಿಗಳು

ಅನ್ನ ಬಚ್ಚಿಡುವುದು. ಬ್ಯಾಗಿನಿಂದ ವಾಸನೆ ಬಂತೆಂದು ತೆರೆದು ನೋಡಿದರೆ ನೋಟ್‌ಬುಕ್ಕುಗಳ ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎರಡು ಬೇಯಿಸಿದ ಮೊಟ್ಟೆ, ಒಂದು ಸಿಪ್ಪೆ ಸುಲಿದು ಅರ್ಧ ತಿಂದದ್ದು, ಇನ್ನೊಂದು ಮುಟ್ಟದ್ದು. ಬಿಸಿಯೂಟದಲ್ಲಿ ಕದ್ದ ಎಂದು ತೀರ್ಮಾನಿಸುವುದು ಸುಲಭ. ಹಸಿದು ಬೆಳೆದ ಮಗು ಹೊಟ್ಟೆ ತುಂಬಿದ ಮೇಲೂ ನಾಳೆಗೆ ಎತ್ತಿಡುತ್ತದೆ. ಶೆಡ್ಡಿನಲ್ಲಿ ತಂಗಿಯಿದ್ದರೆ ಅವಳಿಗೆಂದು ತೆಗೆದಿಡುತ್ತದೆ. ಬ್ಯಾಗನ್ನು ಎಲ್ಲರೆದುರು ಸುರಿಸಬೇಡಿ. ಅಡುಗೆಯವರಿಗೆ ಹೇಳಿ ಎರಡನೇ ಸಲ ಬಡಿಸಿ. ಸಂಜೆ ಹೊರಡುವಾಗ ಬಾಳೆಹಣ್ಣೋ ಬಿಸ್ಕತ್ತೋ ಕೈಗೆ ಕೊಡುವ ಏರ್ಪಾಡು ಮಾಡಿ. ನಾಳೆಯೂ ಸಿಗುತ್ತದೆ ಎಂದು ಮೈಗೆ ನಂಬಿಕೆ ಬರಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಅಲ್ಲಿಯ ತನಕ ನಿಮ್ಮ ಏರ್ಪಾಡು ಒಂದು ದಿನವೂ ತಪ್ಪಬಾರದು. ತಪ್ಪಿದ ದಿನವೇ ಬಚ್ಚಿಡುವುದು ಮತ್ತೆ ಶುರುವಾಗುತ್ತದೆ.

ಸುಳ್ಳು ಹೇಳುವುದು. "ನಮ್ಮಪ್ಪ ದುಬೈನಲ್ಲಿದ್ದಾರೆ, ದೀಪಾವಳಿಗೆ ಸೈಕಲ್ ತರ್ತಾರೆ." ಇದನ್ನು ಸುಳ್ಳೆಂದು ಬಯಲಿಗೆಳೆದು ಗೆಲ್ಲುವುದೇನೂ ಇಲ್ಲ. "ಸೈಕಲ್ ಅಂದ್ರೆ ನಿಂಗೆ ತುಂಬಾ ಇಷ್ಟ ಅಲ್ವಾ?" ಎಂದು ಮಾತು ಮುಂದುವರಿಸಿ. ಬೇರೆ ಮಕ್ಕಳು ಕಾಡಿಸಿದರೆ ಅವರಿಗೆ ಬುದ್ಧಿ ಹೇಳಿ.

ಗೈರುಹಾಜರಿ. ಮೂರನೇ ದಿನ ಶೆಡ್ಡಿಗೋ ಟೆಂಟಿಗೋ ಹೋಗಿ ನೋಡಿ. ಒಂದು ವಾರ ಬಿಟ್ಟರೆ ಕೆಲಸ ಮುಗಿದು ಕುಟುಂಬವೇ ಬೇರೆ ಕಡೆಗೆ ಎದ್ದಿರುತ್ತದೆ. ಮೇಸ್ತ್ರಿಯ ನಂಬರ್ ಇದ್ದರೆ ಅವರು ಎಲ್ಲಿಗೆ ಹೋದರೆಂದು ತಿಳಿಯುತ್ತದೆ. ಅಲ್ಲಿನ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಹೇಳಿ ಹತ್ತಿರದ ಶಾಲೆಗೆ ಸೇರಿಸಬಹುದು. ಬಂದ ದಿನ "ಏನು ಸಾಹೇಬ್ರು ದಾರಿ ತಪ್ಪಿ ಬಂದ್ರಾ?" ಎಂಬ ಕೊಂಕು ಬೇಡ. "ಬಾ, ನಿನ್ನ ಜಾಗ ಇಲ್ಲೇ ಇದೆ" ಎಂದರೆ ನಾಳೆಯೂ ಬರುತ್ತದೆ.

ವಿಷಯ ಕೈಮೀರಿದಾಗ

ಹಣ ಕಳವಾಯಿತೆಂದರೆ ಮೊದಲ ಅನುಮಾನ ಬಾಲಮಂದಿರದ ಮಕ್ಕಳ ಮೇಲೆಯೇ. ಸಾಕ್ಷಿಯಿಲ್ಲದೆ ಅವರ ಬ್ಯಾಗನ್ನಷ್ಟೇ ತಡಕುವುದು ತಾರತಮ್ಯ. ಹೆದರಿಸಲೆಂದು ಪೊಲೀಸರನ್ನು ಕರೆಸುವುದು ಇನ್ನೂ ಕೆಟ್ಟದ್ದು. ನಿಜವಾಗಿ ದೊಡ್ಡ ಅಪರಾಧವೇ ನಡೆದಿದ್ದರೆ ಹೋಗಬೇಕಾದದ್ದು ವಿಶೇಷ ಮಕ್ಕಳ ಪೊಲೀಸ್ ಘಟಕದ ಬಳಿಗೆ, ಮುಂದೆ ಬಾಲ ನ್ಯಾಯ ಮಂಡಳಿಗೆ. 18 ವರ್ಷದೊಳಗಿನವರನ್ನು ಲಾಕಪ್ಪಿನಲ್ಲಿ ಇರಿಸುವಂತಿಲ್ಲ.

ಮಾತಿನ ನಡುವೆ ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯವಾದದ್ದನ್ನು ಹೇಳಿದರೆ ಅಲ್ಲಿಗೆ ಶಿಸ್ತಿನ ವಿಚಾರಣೆ ನಿಲ್ಲಬೇಕು. ಪೋಕ್ಸೋ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದು ಅಪರಾಧ. ಮಗುವನ್ನು ಮತ್ತೆ ಮತ್ತೆ ಕೇಳಬೇಡಿ. ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಟ್ಟು, ಆರೋಪ ಬಂದವರಿಗೆ ಸುದ್ದಿ ಹೋಗದಂತೆ ನೋಡಿಕೊಳ್ಳಿ. ಆರೋಪ ಸಂಸ್ಥೆಯ ಸಿಬ್ಬಂದಿಯ ಮೇಲಿದ್ದರೆ ಅಧೀಕ್ಷಕರಿಗೆ ಹೇಳಿ ಕಾಯುವುದು ಬೇಡ, ನೇರವಾಗಿ ಪೊಲೀಸರಿಗೂ ಸಮಿತಿಗೂ ತಿಳಿಸಿ.

ಶಾಲೆಯೇ ತಪ್ಪಿದರೆ

ಪೋಷಕ ಕುಟುಂಬದವರು, ಗೃಹಮಾತೆಯರು ಮೊದಲು ಮುಖ್ಯಶಿಕ್ಷಕರಿಗೆ ಬರಹದಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯಬೇಕು. ಸರಿಹೋಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ, ಎಸ್‌ಡಿಎಂಸಿ ಅಧ್ಯಕ್ಷರಿಗೂ ಮಕ್ಕಳ ಕಲ್ಯಾಣ ಸಮಿತಿಗೂ ಒಂದೊಂದು ಪ್ರತಿ ಹೋಗಲಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್‌ನಂತೆ ಸ್ಥಳೀಯ ಪ್ರಾಧಿಕಾರ ದೂರನ್ನು 3 ತಿಂಗಳೊಳಗೆ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಮೈಮೇಲೆ ಪೆಟ್ಟಿನ ಗುರುತಿದ್ದರೆ ಈ ಮೆಟ್ಟಿಲುಗಳನ್ನು ಕಾಯದೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, 1098ಕ್ಕೆ ಕರೆ ಮಾಡಿ. ಮಗುವಿನ ಮುಖವೋ ಹೆಸರೋ ಇರುವ ವಿಡಿಯೊವನ್ನು ವಾಟ್ಸಾಪಿಗೆ ಹಾಕಬೇಡಿ, ಸುದ್ದಿವಾಹಿನಿಗೆ ಕೊಡಲೇಬೇಡಿ. ಪಾಲನೆ ರಕ್ಷಣೆಯಡಿ ಇರುವ ಮಗುವಿನ ಗುರುತು ಮಾಧ್ಯಮಗಳಲ್ಲಿ ಬಯಲಾಗುವುದನ್ನು ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ.

ಮಗು ಬೇರೆ ಶಾಲೆಗೆ ಹೊರಟಾಗ

ಸಮಿತಿಯ ಆದೇಶ ಬದಲಾದರೆ ನಾಲ್ಕೇ ದಿನದಲ್ಲಿ ಮಗು ಬೇರೆ ಜಿಲ್ಲೆಗೆ ಹೋಗಬಹುದು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯಶಿಕ್ಷಕರು ಟಿಸಿಯನ್ನು ಕೂಡಲೇ ಕೊಡಬೇಕು, ತಡ ಮಾಡಿದರೆ ಅವರ ಮೇಲೆಯೇ ಶಿಸ್ತು ಕ್ರಮ. ಟಿಸಿ ಬಂದಿಲ್ಲವೆಂದು ಹೊಸ ಶಾಲೆ ದಾಖಲಾತಿ ತಡೆಯುವಂತಿಲ್ಲ, ಅದೇ ದಿನ ತರಗತಿಯಲ್ಲಿ ಕೂರಿಸಬೇಕು. ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ಸ್ಯಾಟ್ಸ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕರೆದೊಯ್ಯುವವರ ಕೈಗೆ ಕೊಟ್ಟರೆ ಅಲ್ಲಿನ ಅಲೆದಾಟ ತಪ್ಪುತ್ತದೆ.

ಐದು ಸಾಲಿನ ಟಿಪ್ಪಣಿಗಳನ್ನು ಟಿಸಿಯ ಜೊತೆ ಕಳಿಸಬೇಡಿ. ಅವು ನಿಮ್ಮ ಶಾಲೆಯ ಕೆಲಸದ ಕಾಗದಗಳು. ಅವುಗಳ ಬದಲು ಹೊಸ ಶಾಲೆಯ ತರಗತಿ ಶಿಕ್ಷಕರಿಗೆ ಒಂದು ಫೋನ್ ಮಾಡಿ, ಏನು ಕೆರಳಿಸುತ್ತದೆ, ಏನು ಸಮಾಧಾನ ಮಾಡುತ್ತದೆ, ಯಾವ ಪಾಠದಲ್ಲಿ ಚುರುಕು ಎಂಬ ಮೂರನ್ನು ಹೇಳಿ. ಟಿಸಿಯಲ್ಲಿ ನಡತೆಯ ಕಲಂ ಇದ್ದರೆ ಅಲ್ಲಿ ಬರೆಯಬೇಕಾದ ಪದ ಒಂದೇ: ಉತ್ತಮ.